ಬದುಕಿದ್ದ ಅಕ್ಕನಿಗೆ ರಜೆ ಇರಲಿಲ್ಲ

ರಜೆ ಅರ್ಜಿಯ 'ಕಾರಣ' ಎಂಬ ಜಾಗದಲ್ಲಿ ನಿಜ ಬರೆಯುತ್ತಿದ್ದವರು ನಮ್ಮ ಫ್ಯಾಕ್ಟರಿಯಲ್ಲಿ ರುದ್ರಮ್ಮ ಒಬ್ಬರೇ. ಮಿಕ್ಕವರೆಲ್ಲ ಜ್ವರ ಬರಿಸಿಕೊಳ್ಳುತ್ತಿದ್ದರು, ಇಲ್ಲವೇ ಅಜ್ಜಿಯನ್ನು ಸಾಯಿಸುತ್ತಿದ್ದರು. ಒಬ್ಬನ ಅಜ್ಜಿ ಒಂದೇ ವರ್ಷದಲ್ಲಿ ಮೂರು ಸಲ ತೀರಿಕೊಂಡಿದ್ದರು. ಮೂರು ಸಲವೂ ರಜೆ ಸಿಕ್ಕಿತ್ತು. ರುದ್ರಮ್ಮ ಮಾತ್ರ ದಪ್ಪ ಅಕ್ಷರದಲ್ಲಿ 'ಸುಸ್ತಾಗಿದೆ, ಮನೆಯಲ್ಲಿ ಮಲಗುತ್ತೇನೆ' ಎಂದು ಬರೆದು ಕೊಡುತ್ತಿದ್ದರು. ಅವರಿಗೆ ಸಿಗುತ್ತಿರಲಿಲ್ಲ.

ಅಂತರಸನಹಳ್ಳಿಯ ಆ ಫ್ಯಾಕ್ಟರಿಯ ಟೈಮ್ ಆಫೀಸಿನಲ್ಲಿ ಅರ್ಜಿ ತೆಗೆದುಕೊಳ್ಳುವವಳು ನಾನು. ರುದ್ರಮ್ಮ ಪ್ಯಾಕಿಂಗ್ ವಿಭಾಗದವರು, ಮರಳೂರಿನಿಂದ ಬರುತ್ತಿದ್ದರು, ಐವತ್ತು ದಾಟಿದ ಗಟ್ಟಿ ಹೆಂಗಸು. ಅರ್ಜಿ ವಾಪಸ್ಸು ಬಂದರೆ ಸೊಂಟಕ್ಕೆ ಕೈ ಕೊಟ್ಟು ನನ್ನ ಕಿಟಕಿಯ ಮುಂದೆ ನಿಲ್ಲುತ್ತಿದ್ದರು.

"ವರ್ಷಕ್ಕಿಷ್ಟು ರಜ ಅಂತ ಗೋಡೆ ಮೇಲೆ ಅಂಟ್ಸಿರೋರು ನೀವೇ ತಾನೆ ಮೇಡಮ್ಮೋರೆ? ನೋಡ್ಕೊಂಡು ಖುಷಿಪಡ್ಲಿ ಅಂತ ಅಂಟ್ಸಿದೀರಾ?"

ಹೋದ ವರ್ಷ ಗುಬ್ಬಿಯಲ್ಲಿದ್ದ ಅವರ ಅಕ್ಕ ಹಾಸಿಗೆ ಹಿಡಿದರು. ತಾಯಿಯಿಲ್ಲದ ರುದ್ರಮ್ಮನನ್ನು ಸಾಕಿದ್ದು ಆ ಅಕ್ಕನೇ. ಭಾನುವಾರ ನೋಡಲು ಹೋಗಿ ಸಂಜೆ ಇವರು ಹೊರಟಾಗಲೆಲ್ಲ ಅಕ್ಕ "ಇವತ್ತಾದ್ರೂ ಉಳ್ಕೋತೀಯೇನೇ?" ಎಂದು ಸೆರಗು ಹಿಡಿಯುತ್ತಿದ್ದರಂತೆ. ರುದ್ರಮ್ಮ ನಾಲ್ಕು ದಿನ ರಜೆ ಕೇಳಿದರು. ಕಾರಣ: 'ಅಕ್ಕನ ಜೊತೆ ಇರಲು.' ಅವರಿಗೆ ಬರಬೇಕಾದ ರಜೆಯೇ ಹನ್ನೊಂದು ದಿನ ಉಳಿದಿತ್ತು.

ಮ್ಯಾನೇಜರ್ ಅರ್ಜಿಯನ್ನು ಪೂರ್ತಿ ಓದಲೂ ಇಲ್ಲ. "ಲೋಡ್ ಹೋಗ್ಬೇಕು, ಈಗ ಯಾರ್ಗೂ ರಜ ಇಲ್ಲ. ಸಾವುಗೀವು ಆದ್ರೆ ನೋಡೋಣ" ಎಂದರು. ನಾನೋ ದೊಡ್ಡ ಜಾಣೆ! ರುದ್ರಮ್ಮನಿಗೆ ಮೆಲ್ಲಗೆ ಉಪಾಯ ಹೇಳಿಕೊಟ್ಟೆ: "ಅಕ್ಕ ತೀರ್ಕೊಂಡ್ರು ಅಂತ ಬರೀರಿ. ಹತ್ತು ನಿಮಿಷದಲ್ಲಿ ಸೈನ್ ಮಾಡಿಸ್ತೀನಿ."

ಅವರು ನೋಡಿದ ಆ ನೋಟ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

"ಉಸ್ರಾಡ್ತಾ ಅವ್ಳೆ ಕಣವ್ವ ನಮ್ಮಕ್ಕ. ನಿಮ್ ರಜಕ್ಕೋಸ್ಕರ ನನ್ ಕೈಯಾರೆ ಸಾಯಿಸ್ಲಾ?"

ಮುಂದಿನ ಗುರುವಾರ ಅವರು ರಟ್ಟಿನ ಪೆಟ್ಟಿಗೆಗೆ ಟೇಪ್ ಸುತ್ತುತ್ತಿದ್ದಾಗ ಗುಬ್ಬಿಯಿಂದ ಫೋನ್ ಬಂತು. ಅಕ್ಕ ಹೋಗಿಬಿಟ್ಟಿದ್ದರು. ಈಗ ಹತ್ತು ನಿಮಿಷವೂ ಬೇಕಾಗಲಿಲ್ಲ. ಸಂಬಳ ಸಹಿತ ಮೂರು ದಿನದ ರಜೆ ಬರೆಸಿ ಮ್ಯಾನೇಜರೇ ಸಹಿ ಹಾಕಿದರು, ಹೋಗಲು ಕಂಪನಿ ಕಾರನ್ನೂ ಕೊಟ್ಟರು! ಅದೇ ಲೋಡು, ಅದೇ ಪೆಟ್ಟಿಗೆಗಳು ಇನ್ನೂ ಅಲ್ಲೇ ಬಿದ್ದಿದ್ದವು. ಒಂದು ವಾರ ಮೊದಲು ಈ ದೊಡ್ಡ ಮನಸ್ಸು ಎಲ್ಲಿ ಸತ್ತಿತ್ತು?

ರುದ್ರಮ್ಮ ಆ ರಜೆಯ ಹಾಳೆಯನ್ನು ಕಿಟಕಿಯೊಳಕ್ಕೆ ತಳ್ಳಿದರು. ಅಳಲಿಲ್ಲ.

"ನೀವೇ ಇಟ್ಕಳಿ. ಇನ್ ಯಾರ್ ಜೊತೆ ಇರಕ್ ಹೋಗ್ಲಿ?"

ಕಾರು ಬೇಡವೆಂದು ಗೇಟಿನಾಚೆ ಆಟೋ ಹತ್ತಿದರು. ಮತ್ತೆ ಕೆಲಸಕ್ಕೆ ಬರಲಿಲ್ಲ.

ರಜೆಯ ಪಟ್ಟಿ ಈಗಲೂ ಗೋಡೆಯ ಮೇಲಿದೆ. ಅವರ ನಾಲ್ಕು ದಿನದ ಅರ್ಜಿ ನನ್ನ ಡ್ರಾಯರಿನಲ್ಲಿದೆ. ಮ್ಯಾನೇಜರನ್ನು ಎಷ್ಟು ಬೇಕಾದರೂ ಬೈಯಬಲ್ಲೆ. ಆದರೆ 'ಅಕ್ಕನ ಜೊತೆ ಇರಲು' ಎಂಬ ಆ ಸಾಲಿನ ಮೇಲೆ 'ನಿರಾಕರಿಸಲಾಗಿದೆ' ಎಂದು ಸೀಲು ಒತ್ತಿದ್ದು ನಾನು.