ಮೂರನೇ ಮಹಡಿಯ ಕಂಬಿ

ನಮ್ಮ ಕಟ್ಟಡದ ಮೆಟ್ಟಿಲು ಒರೆಸುವವಳಿಗೆ ಕಾಯಿಲೆಗಳೆಲ್ಲ ತವರಿನ ನೆಂಟರಿದ್ದಂತೆ. ಯಾರು ಯಾವಾಗ ಬಂದರೆಂದು ಕರಾರುವಾಕ್ಕಾಗಿ ಹೇಳುತ್ತಾಳೆ. ಮಂಡಿನೋವು ಎಂಟನೇ ವಯಸ್ಸಿನಲ್ಲಿ ಕಂಡವರ ಮನೆಗೆ ನೀರು ಹೊರುವಾಗ ಬಂದದ್ದು, ಕೆಮ್ಮು ಕಿಟಕಿಯಿಲ್ಲದ ಕೋಣೆಯಲ್ಲಿ ಒಲೆಯ ಪಕ್ಕ ಮಲಗುತ್ತಿದ್ದ ಕಾಲದ್ದು. "ಹಳೇ ನೆಂಟ್ರು ಅಮ್ಮಾವ್ರೇ, ಮಾತಾಡಿಸದಿದ್ರೆ ಸುಮ್ನಿರ್ತಾರೆ" ಎನ್ನುತ್ತಾಳೆ. ಡಾಕ್ಟರ ಬಳಿ ಹೋಗೆಂದರೆ, "ಅವ್ರು ಮೆಟ್ಟಿಲು ಹತ್ತಬೇಡ ಅಂತಾರೆ. ಆಮೇಲೆ ನಿಮ್ಮ ಮೆಟ್ಟಿಲು ಅವ್ರೇ ಬಂದು ಒರೆಸ್ತಾರಾ?" ಎಂದು ನನ್ನನ್ನೇ ಕೇಳುತ್ತಾಳೆ. ಐದು ಮಹಡಿಗಳಲ್ಲಿ ಮೂರನೆಯದರ ಮೆಟ್ಟಿಲ ಕಂಬಿ ಮಾತ್ರ, ಮುಖ ನೋಡಿಕೊಂಡು ತಲೆ ಬಾಚಬಹುದಾದಷ್ಟು ಹೊಳೆಯುವುದೇಕೆಂದು ನನಗೆ ಬಹಳ ಕಾಲ ಕುತೂಹಲವಿತ್ತು. ಆ ಮಹಡಿಯವರು ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿರಬೇಕು ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಅವಳ ಹಿಂದೆಯೇ ಹತ್ತಿದೆ. ಮೂರನೇ ಮಹಡಿಯಲ್ಲಿ ನಿಂತು, ಉಸಿರು ಹದಕ್ಕೆ ಬರುವವರೆಗೂ ಕಂಬಿ ಉಜ್ಜುತ್ತಿದ್ದಳು. ನಿಂತು ಏದುಸಿರು ಬಿಡುವವಳನ್ನು ಯಾರೂ ಕೆಲಸಕ್ಕಿಟ್ಟುಕೊಳ್ಳುವುದಿಲ್ಲವಷ್ಟೆ. ನನಗೆ ಎಪ್ಪತ್ತಾರು, ಅವಳಿಗೆ ನಲವತ್ತೆಂಟು. ಐದನೇ ಮಹಡಿಯ ನನ್ನ ಮನೆಗೆ ನಾನು ನಡುವೆ ಎಲ್ಲೂ ನಿಲ್ಲದೆ ಹತ್ತುತ್ತೇನೆ. ಈಚೆಗೆ ಎರಡನೇ ಮಹಡಿಯ ಕಂಬಿಯೂ ಹೊಳೆಯತೊಡಗಿದೆ.