ಹಾಜರಿ ಪುಸ್ತಕದಲ್ಲಿ ಇಲ್ಲದ ಹುಸೇನಪ್ಪ

ನಾನು ಚಿಕ್ಕವನಿದ್ದಾಗ ಸಿರುಗುಪ್ಪದ ನಮ್ಮ ಓಣಿಯಲ್ಲಿ ಎಲ್ಲರೂ ನನ್ನನ್ನು ಹುಸೇನಪ್ಪ ಎಂದೇ ಕರೆಯುತ್ತಿದ್ದರು. ಕಿಸಿಕಿಸಿ ನಗಬೇಡಿ ಮಕ್ಕಳೇ, ಮೊದಲು ಕೇಳಿ. ನನಗಿಂತ ಮುಂಚೆ ಹುಟ್ಟಿದ ಅಣ್ಣ ಚೆನ್ನಪ್ಪ ಮೂರು ವರ್ಷದವನಿದ್ದಾಗಲೇ ಜ್ವರ ಬಂದು ತೀರಿಹೋಗಿದ್ದ. ಆಮೇಲೆ ಅವ್ವ ಮೊಹರಂ ಹಬ್ಬದಲ್ಲಿ ಹುಸೇನ್ ಪೀರಿನ ಮುಂದೆ ಸಕ್ಕರೆ ಇಟ್ಟು ಅದರ ಮೇಲೆ ಪ್ರಾರ್ಥನೆ ಓದಿಸಿ, ಇನ್ನೊಂದು ಗಂಡು ಹುಟ್ಟಿ ಬದುಕಿದರೆ ನಿನ್ನ ಹೆಸರೇ ಇಡುತ್ತೇನೆ ಎಂದು ಹರಕೆ ಹೊತ್ತಳು. ನಾನು ಬದುಕಿದೆ. ನಮ್ಮ ಕಡೆ ಹೀಗೆ ಹೆಸರು ಪಡೆದವರು ಓಣಿಗೆ ಇಬ್ಬರಾದರೂ ಇದ್ದರು.

ನನ್ನನ್ನು ಶಾಲೆಗೆ ಸೇರಿಸಿದ ದಿನದ ಮಾತು ಇದು. ಹೊಳೆಯಾಚೆ ನಿಜಾಮನ ಸೀಮೆಯಲ್ಲಿ ಆಗ ಹಿಂದೂ ಮುಸ್ಲಿಂ ಗಲಾಟೆ. ಜನ ಗಂಟುಮೂಟೆ ಕಟ್ಟಿಕೊಂಡು ಹರಿಗೋಲಿನಲ್ಲಿ ನಮ್ಮ ದಡಕ್ಕೆ ಬರುತ್ತಿದ್ದರು. ಸಂತೆಯಲ್ಲಿ ಯಾರೋ ಅಪ್ಪನನ್ನು, "ಮಗನಿಗಿ ಈ ಹೆಸ್ರು ಯಾಕಪಾ ಈಗ?" ಎಂದು ಕೇಳಿದ್ದರಂತೆ. ಅಪ್ಪ ಕಂಬಳಿ ನೇಯುವವನು, ಮಾತು ಕಡಿಮೆ. ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ.

ಮಾಸ್ತರರು ನನ್ನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿದರು. ಕಿವಿ ಸಿಕ್ಕಿತು, ಅಂದರೆ ಆರು ತುಂಬಿತು. ಹುಟ್ಟಿದ ತಾರೀಖನ್ನು ಅವರೇ ಅಂದಾಜಿನಲ್ಲಿ ಬರೆದುಕೊಂಡು, "ಹೆಸ್ರೇನಪಾ?" ಎಂದರು. ಅಪ್ಪ ನನ್ನ ಮುಖ ನೋಡಿದ, ನೆಲ ನೋಡಿದ.

"ಚೆನ್ನಪ್ಪ ಅಂತ ಬರ್ಕಳ್ರಿ," ಎಂದ.

ಅಪ್ಪನ ಕಂಬಳಿಯಿಂದ, ನೇಯುವಾಗ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆ ಬರುತ್ತಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಬಹಳ ಹೊತ್ತು ಕೂತರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಮನಸ್ಸು ಹಾಗಾಗಿತ್ತು. ಮಾಸ್ತರರು "ಚೆನ್ನಪ್ಪ" ಎಂದು ಕೂಗಿದಾಗ ಸತ್ತ ಅಣ್ಣನ ಬದಲು ನಾನು "ಹಾಜರ್ ರೀ" ಎಂದೆ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳೋ ಬಾಯಿಬಡುಕಿ, ಅವ್ವನ ಮುಂದೆ ಒದರಿಬಿಟ್ಟಳು. ರೊಟ್ಟಿ ತಟ್ಟುತ್ತಿದ್ದ ಅವ್ವನ ಕೈ ನಿಂತಿತು.

"ಸತ್ತ ಮಗನ ಹೆಸ್ರು ಇದ್ದ ಮಗನಿಗಿ ಬರಸಿ ಬಂದೀರಲ್ರಿ! ಹರಕಿ ಮುರಿದ್ರಿ. ಇವನೂ ಹೋದ್ರ ನಾ ಏನ್ಮಾಡ್ಲಿ?"

"ನನ್ನ ಬಾಯಿಗಿ ಆ ಹೆಸ್ರಾ ಬಂತು ನೋಡು," ಎಂದ ಅಪ್ಪ. ಹಂಚಿನ ಮೇಲಿನ ರೊಟ್ಟಿ ಸೀದು ಕಪ್ಪಾಯಿತು. ಯಾರೂ ತಿರುವಿ ಹಾಕಲಿಲ್ಲ.

ತಪ್ಪಾಯಿತೆಂದು ಸಕ್ಕರೆ ಓದಿಸಲು ಅವ್ವ ನನ್ನನ್ನು ಮಸೀದಿಯ ಮುಲ್ಲಾ ಸಾಬರ ಹತ್ತಿರ ಎಳೆದುಕೊಂಡು ಹೋದಳು. ಅಪ್ಪನೂ ಹಿಂದೆ ಬಂದ. ಆ ಮುದುಕರು ಎಲ್ಲ ಕೇಳಿ, ಗಡ್ಡ ನೀವಿಕೊಂಡರು.

"ಅರಬ್ಬೀ ಮಾತಿನಾಗ ಹಸನ್ ಅಂದ್ರ ಚೆಂದ, ಒಳ್ಳೇದು. ನಿಮ್ಮ ಚೆನ್ನ ಅಂದಂಗ. ಅದನ್ನಾ ಮುದ್ದು ಮಾಡಿ ಕರೆದ್ರ ಹುಸೇನ್, ಸಣ್ಣ ಚೆನ್ನ. ಹಸನ್, ಹುಸೇನ್ ಅಂಬೋರೂ ಅಣ್ಣತಮ್ಮರಾ. ನಿನಗ ಗೊತ್ತಿಲ್ಲದಂಗ ಅಣ್ಣನ ಹೆಸ್ರನಾ ತಮ್ಮಗ ಇಟ್ಟೀಯವ್ವಾ. ಹರಕಿ ಎಲ್ಲಿ ಮುರೀತು?"

ಅಣ್ಣ ಸತ್ತಾಗಲೂ ಅಪ್ಪ ಅಳಲಿಲ್ಲ ಎಂದು ಅಕ್ಕ ಹೇಳುತ್ತಿದ್ದಳು. ಅವತ್ತು ಮಸೀದಿಯ ಕಟ್ಟೆಯ ಮೇಲೆ ಕೂತು, ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಓದಿಸಿದ ಸಕ್ಕರೆಯನ್ನು ನಾನು ಬಾಯಲ್ಲಿಟ್ಟುಕೊಂಡು ನೋಡುತ್ತಿದ್ದೆ. ಅದರ ಸಿಹಿಯೂ ಗೊತ್ತಾಗಲಿಲ್ಲ. ಮರುದಿನ ಹೆಸರು ತಿದ್ದಿಸಲು ಯಾರೂ ಶಾಲೆಗೆ ಹೋಗಲಿಲ್ಲ.

ನಿಮಗೆ ಹೆಸರಿಡುವಾಗ ನಿಮ್ಮ ಅಪ್ಪ ಅಮ್ಮ ಮೊಬೈಲಿನಲ್ಲಿ ಅರ್ಥ ಹುಡುಕಿದ್ದೇ ಹುಡುಕಿದ್ದು, ಜಗಳಾಡಿದ್ದೇ ಜಗಳಾಡಿದ್ದು! ಹುಟ್ಟಿದ ಗಳಿಗೆ ಆಸ್ಪತ್ರೆಯ ಕಾಗದದಲ್ಲೇ ಇದೆ, ಕಿವಿ ಮುಟ್ಟಿ ತೋರಿಸುವ ಕಷ್ಟ ನಿಮಗಿಲ್ಲ. ನಾನು ಆಧಾರ್ ಕಾರ್ಡಿನಲ್ಲೂ ಚೆನ್ನಪ್ಪನೇ. ಅವ್ವ ಸಾಯುವವರೆಗೂ ಹುಸೇನಪ್ಪ ಎಂದೇ ಕರೆದಳು, ಅಕ್ಕನೂ ಅಷ್ಟೇ. ಹೋದ ವರ್ಷ ಅಕ್ಕನೂ ಹೋದಳು. ಅವತ್ತೂ ನನಗೆ ಅಳು ಬರಲಿಲ್ಲ, ನೀವೇ ನೋಡಿದಿರಿ. ಈಗ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಮಕ್ಕಳೇ, ನೀವಾದರೂ ಒಂದು ಸಲ ಕೂಗಿ. ಹಾಜರ್ ಎನ್ನುತ್ತೇನೆ.