ಬೋರಮ್ಮನ ಬ್ರೇಕು, ಬೋರ್‌ವೆಲ್ಲಿನ ಬುದ್ಧಿ

ಹೇರೋಹಳ್ಳಿಯ ಬೋರಮ್ಮನವರಿಗೆ ಅರವತ್ಮೂರು ವರ್ಷ, ಅವರ ಅಂಬಾಸಡರ್ ಕಾರಿಗೆ ನಲವತ್ತೊಂದು. ಇಬ್ಬರಿಗೂ ಓಡಾಡಲು ಅಡ್ಡಿಯಿಲ್ಲ, ನಿಲ್ಲುವುದೇ ಕಷ್ಟ. ಬೋರಮ್ಮನವರಿಗೆ ಮಂಡಿ ನೋವು, ಕಾರಿಗೆ ಡ್ರಮ್ ಬ್ರೇಕು. ಆ ಬ್ರೇಕು ಹಿಡಿಯಬೇಕಾದರೆ ಸೀಟಿನಿಂದ ಅರ್ಧ ಎದ್ದು ತುಳಿಯಬೇಕು. ಕಾರು ಕೇಳುವುದು ಪೂರ್ತಿ ಬಲ, ಅಮ್ಮನ ಕಾಲಿನಲ್ಲಿ ಉಳಿದಿರುವುದು ಕಾಲು ಬಲ.

ಗಂಡ ನಾಗರಾಜು ಹೋಗುವಾಗ ಬಿಟ್ಟುಹೋದದ್ದು ಈ ಕಾರು ಮತ್ತು ಅರ್ಧ ಎಕರೆ. ಸುತ್ತಲಿನ ಹೊಲಗಳೆಲ್ಲ ಸೈಟಾಗಿ, ಸೈಟೆಲ್ಲ ಮೂರಂತಸ್ತಾಗಿ ನಿಂತ ಮೇಲೂ ನಡುವೆ ಇವರದೊಂದು ಹಸಿರು ಕರವಸ್ತ್ರ: ಪಾಲಕ್, ದಂಟು, ಕೊತ್ತಂಬರಿ, ಮೂಲೆಯಲ್ಲೊಂದು ಬೋರ್‌ವೆಲ್. ಮಂಗಳವಾರ, ಶುಕ್ರವಾರ ಡಿಕ್ಕಿ ತುಂಬ ಸೊಪ್ಪು ಹೇರಿಕೊಂಡು ವಿಜಯನಗರದ ಮಾರ್ಕೆಟ್ಟಿಗೆ ಅವರೇ ಓಡಿಸಿಕೊಂಡು ಹೋಗುತ್ತಾರೆ. ಕಾರು ಕಲಿತದ್ದು ಐವತ್ಮೂರನೆಯ ವಯಸ್ಸಿನಲ್ಲಿ. "ಎತ್ತಿನ ಗಾಡಿ ಹೊಡ್ದೋಳಿಗೆ ಇದೇನು ಮಹಾ? ಎರಡು ಹಗ್ಗದ ಬದಲು ಒಂದು ಚಕ್ರ" ಎಂದು ಲೈಸೆನ್ಸಿಗೆ ಹೆಬ್ಬೆಟ್ಟೊತ್ತದೆ ಸಹಿ ಹಾಕಿ ಬಂದಿದ್ದರು.

ಮೊನ್ನೆ ಒಂದು ಶುಕ್ರವಾರ ಮಾಗಡಿ ರಸ್ತೆಗೆ ಇಳಿಯುವ ಇಳಿಜಾರಿನಲ್ಲಿ ಕಾರು ನಿಂತಿತು. ಆದರೆ ನಿಂತದ್ದು ರೇವಣಸಿದ್ದಯ್ಯನ ಎಳನೀರಿನ ರಾಶಿಯ ಮಧ್ಯೆ. ಎಂಬತ್ತು ಎಳನೀರು ಉರುಳುರುಳಿ ರಸ್ತೆ ಸೇರಿದವು. ಯಾರಿಗೂ ನಿಲ್ಲದ ಬಸ್ಸುಗಳೂ ಅವಕ್ಕೆ ನಿಂತು ದಾರಿ ಬಿಟ್ಟವು.

"ಬ್ರೇಕು ಹಿಡೀಲಿಲ್ಲ ಕಣೋ ಸಿದ್ದಯ್ಯ."

"ನನ್ನ ಕಾಯಿ ಹಿಡೀತಲ್ಲ ಬಿಡಿ ಬೋರಕ್ಕ."

ಸುದ್ದಿ ಮಗ ಕಾಂತರಾಜುವಿನ ಕಿವಿಗೆ ಬಿತ್ತು. ಅವನು ನಾಗರಬಾವಿಯಲ್ಲಿ ಹೊಸದಾಗಿ ಹೋಟೆಲ್ ತೆರೆದಿದ್ದ. ಇಂಥ ಒಂದು ಅಪಘಾತಕ್ಕೇ ಕಾದಿದ್ದವನಂತೆ ಬಂದ.

"ಸಾಕು ಕಣಮ್ಮ, ಕಾರು ನಂಗೆ ಕೊಡು. ಇಂಜಿನ್ ತೆಗೆದು ಬಾನೆಟ್ಟಲ್ಲಿ ಚುರುಮುರಿ ಕೌಂಟರ್ ಮಾಡ್ತೀನಿ. ಲಾ ಕಾಲೇಜ್ ಮಕ್ಕಳು ಸೆಲ್ಫಿಗೆ ಕ್ಯೂ ನಿಲ್ತಾರೆ."

"ನಿಮ್ಮಪ್ಪನ ಕಾರಲ್ಲಿ ಈರುಳ್ಳಿ ಹೆಚ್ತೀಯೇನೋ?"

"ನೀನು ಅದರಲ್ಲಿ ಸೊಪ್ಪು ಹೊರ್ತಿಲ್ವಾ?"

"ನನ್ನ ಸೊಪ್ಪು ಊರು ಸುತ್ತುತ್ತೆ. ನಿನ್ನ ಈರುಳ್ಳಿ ನಿಂತಲ್ಲೇ ಕೊಳೆಯುತ್ತೆ."

ಕೊನೆಗೆ ಒಪ್ಪಂದವಾಯಿತು. ಮುಂದಿನ ಭಾನುವಾರ, ಅದೇ ಇಳಿಜಾರು, ಅದೇ ಎಳನೀರಿನ ರಾಶಿ. ನಿಲ್ಲಿಸಿ ತೋರಿಸಿದರೆ ಕಾರು ಅಮ್ಮನದು. ಇಲ್ಲದಿದ್ದರೆ ಚುರುಮುರಿ.

ಬೋರಮ್ಮನವರು ನೇರ ಹೆಗ್ಗನಹಳ್ಳಿಯ ಮೆಕ್ಯಾನಿಕ್ ಉಗ್ರಪ್ಪನ ಶೆಡ್ಡಿಗೆ ಹೋದರು. ಉಗ್ರತೆ ಅವನ ಹೆಸರಿನಲ್ಲಿ ಮಾತ್ರ. ತುಕ್ಕು ಹಿಡಿದ ನಟ್ಟಿಗೂ "ಬಾರಪ್ಪ, ಬಾ" ಎಂದು ಪುಸಲಾಯಿಸುವ ಸ್ವಭಾವ. ಗುಜರಿಗೆ ಹೋದ ಒಂದು ಸಣ್ಣ ಕಾರಿನಿಂದ ಅವನು ಡಿಸ್ಕ್ ಬ್ರೇಕಿನ ಸಾಮಾನೆಲ್ಲ ಬಿಚ್ಚಿ ತಂದ. ಲೇತಿನಲ್ಲಿ ಅಂಬಾಸಡರಿಗೆ ಹೊಂದುವ ಪಟ್ಟಿಗಳನ್ನು ಮಾಡಿಸಿದ.

"ಡ್ರಮ್ಮು ಒಳಗಿಂದ ಒದೆಯುತ್ತೆ ಅಮ್ಮಾವ್ರೆ. ಡಿಸ್ಕು ಹಂಗಲ್ಲ, ಎರಡು ಕಡೆಯಿಂದ ಹಿಡ್ಕೊಳ್ಳುತ್ತೆ, ಇಕ್ಕಳದಲ್ಲಿ ಪಾತ್ರೆ ಹಿಡಿದಂಗೆ. ನೀವು ಮೆಲ್ಲಗೆ ತುಳಿದ್ರೆ ಸಾಕು, ಮಿಕ್ಕ ಬಲ ಈ ಬೂಸ್ಟರ್ ಹಾಕುತ್ತೆ."

"ಇದನ್ನ ಮಂಡಿಗೂ ಹಾಕ್ತಾರೇನೋ?"

ಶುಕ್ರವಾರದ ಹೊತ್ತಿಗೆ ಎಲ್ಲ ಕೂತಿತು. ಪೈಪಿನೊಳಗೆ ಸೇರಿದ ಗಾಳಿ ತೆಗೆಯುವುದೊಂದೇ ಬಾಕಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿಯ ಪುಟ್ಟ ತಿರುಪನ್ನು ಸಡಿಲಿಸಿ ಗಾಳಿಯನ್ನು ಹೊರಬಿಡಬೇಕು. ಒತ್ತುವ ಕೆಲಸ ಬೋರಮ್ಮನವರದು.

"ಒತ್ತಿ... ಹಿಡ್ಕೊಳ್ಳಿ... ಬಿಡಿ. ಹೆಂಗೈತೆ?"

"ಬೇಯದ ಮುದ್ದೆ ಇದ್ದಂಗೈತೆ. ಒತ್ತಿದ್ರೆ ಒಳಗೇ ಹೋಗ್ತದೆ."

ಶನಿವಾರ ಮಧ್ಯಾಹ್ನದವರೆಗೂ ಅದೇ ಪಾಡು. ನಾಲ್ಕು ಬಾಟಲಿ ಬ್ರೇಕ್ ಆಯಿಲ್ ಖಾಲಿಯಾಯಿತು. ಮುದ್ದೆ ಮಾತ್ರ ಬೇಯಲಿಲ್ಲ. ಅಷ್ಟರಲ್ಲಿ ಕಾಂತರಾಜುವಿನ ಫೋನು: "ಅಮ್ಮಾ, ಪೇಂಟರ್ ಬಂದಿದಾನೆ. ಬಾಗಿಲ ಮೇಲೆ 'ಅಮ್ಮನ ಚುರುಮುರಿ' ಅಂತ ಬರೆಸ್ಲಾ?"

"ನಿನ್ನ ಹಣೆ ಮೇಲೆ ಬರೆಸ್ಕೋ" ಎಂದು ಬೋರಮ್ಮನವರು ಫೋನು ಇಟ್ಟರು. ಆದರೂ ಮಂಗಳವಾರದ ಸೊಪ್ಪನ್ನು ಯಾರದೋ ಟೆಂಪೋಗೆ ಹೇರಿ, ತಾನು ಗೇಟಿನಲ್ಲಿ ನಿಂತು ಕೈ ಬೀಸುವ ಚಿತ್ರ ಕಣ್ಣಿಗೆ ಕಟ್ಟಿತು. ಸೋತ ಮಂಡಿ ಚಾಚಿಕೊಂಡು, ಚಕ್ರ ಬಿಚ್ಚಿಟ್ಟ ಜಾಗದ ಎದುರು ಸ್ಟೂಲು ಎಳೆದು ಕೂತರು. ಕೂತವರು ನೋಡಿದರು.

"ಉಗ್ರಪ್ಪ, ಗಾಳಿ ಬಿಡೋ ಬಾಯಿ ಇದೇನಾ?"

"ಹೂಂ ಅಮ್ಮಾವ್ರೆ."

"ಇದ್ಯಾಕೆ ಕೆಳಗೈತೆ?"

ಉಗ್ರಪ್ಪ ಬಗ್ಗಿ ನೋಡಿದ.

"ನನ್ನ ತೋಟದ ಪೈಪಿಗೆ ಏರ್ ವಾಲ್ವ್ ಎಲ್ಲಿ ಇಕ್ಕಿದೀನಿ? ಎತ್ತರದಲ್ಲಿ. ಗಾಳಿ ಮೇಲಕ್ಕೆ ಹೋಗಿ ಕೂರ್ತದೆ. ನೀನು ಕೆಳಗೆ ಬಾಗಿಲು ತೆಗೆದು ಬಾ ಬಾ ಅಂದ್ರೆ ಎಣ್ಣೆ ಬರ್ತದೆ. ಗಾಳಿ ಯಾಕೆ ಇಳಿದು ಬಂದಾತು?"

ಉಗ್ರಪ್ಪ ಕಾರಿನಡಿ ತೂರಿ ತಾನೇ ಬರೆದಿದ್ದ ಸೀಮೆಸುಣ್ಣದ ಗುರುತು ನೋಡಿದ. ಗುಜರಿಯಲ್ಲಿ ಆ ಸಣ್ಣ ಕಾರಿನ ಎದುರು ನಿಂತು, ತನ್ನ ಎಡಗೈಯ ಕಡೆಗಿದ್ದ ಬ್ರೇಕಿನ ಇಕ್ಕಳಕ್ಕೆ 'ಎಡ' ಎಂದು ಬರೆದಿದ್ದ. ಕಾರಿಗೆ ಅದು ಬಲ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಸೇರಿ ಎರಡೂ ಬುಡಮೇಲಾಗಿ ಕೂತಿದ್ದವು.

"ಎತ್ತಿನ ಮುಂದೆ ನಿಂತ್ಕೊಂಡು ಎಡ ಬಲ ಅಂತಾರೇನೋ? ಗಾಡಿ ಮೇಲೆ ಕೂತು ಹೇಳ್ಬೇಕು."

"ತಪ್ಪಾಯ್ತು ತಾಯಿ" ಎಂದ ಉಗ್ರಪ್ಪ. ಆಮೇಲೆ ತಡೆಯಲಾಗದೆ ಅವನೇ ಮೊದಲು ನಕ್ಕ.

ಅದಲು ಬದಲು ಮಾಡಲು ಹಿಡಿದದ್ದು ಒಂದು ಗಂಟೆ. ಈಗ ತಿರುಪು ಮೇಲೆ ಬಂದಿತ್ತು. ಸಡಿಲಿಸಿದ್ದೇ ತಡ, ಕುದಿಯುವ ಸಾರಿನಂತೆ ಗುಳ್ಳೆ ಗುಳ್ಳೆಯಾಗಿ ಗಾಳಿ ಹೊರಬಿತ್ತು. ಹತ್ತನೆಯ ಸಲ ಒತ್ತಿದಾಗ ಪೆಡಲ್ ಕಾಲಿಗೆ ಎದುರು ನಿಂತಿತು.

"ಬೆಂತು ಕಣೋ!" ಎಂದು ಬೋರಮ್ಮನವರು ಹಾರನ್ ಬಾರಿಸಿಯೇ ಬಿಟ್ಟರು.

ಭಾನುವಾರ ಬೆಳಿಗ್ಗೆ ಮಗ ಪಕ್ಕದ ಸೀಟಿನಲ್ಲಿ, ಉಗ್ರಪ್ಪ ಹಿಂದೆ ಕಣ್ಣು ಮುಚ್ಚಿಕೊಂಡು. ಇಳಿಜಾರಿನ ತಲೆಯಲ್ಲಿ ಕಾರು ಕಂಡೊಡನೆ ರೇವಣಸಿದ್ದಯ್ಯ ಎರಡೂ ಕೈ ಅಗಲಿಸಿ, ಮಕ್ಕಳನ್ನು ಕಾಯುವವನಂತೆ ಎಳನೀರಿನ ಮುಂದೆ ಕಣ್ಣು ಮುಚ್ಚಿ ನಿಂತುಬಿಟ್ಟ.

"ಅಮ್ಮಾ, ತುಳಿ!"

"ಇರೋ, ಇನ್ನೂ ಜಾಗ ಐತೆ."

"ಅಮ್ಮಾ!"

ಬೋರಮ್ಮನವರು ಸೀಟಿನಿಂದ ಏಳಲಿಲ್ಲ. ಸೊಪ್ಪಿನ ಪಾತಿಯಲ್ಲಿ ಹೆಜ್ಜೆ ಇಡುವಷ್ಟು ಮೆತ್ತಗೆ ಕಾಲಿಟ್ಟರು. ಕಾರು ಮುಂದಕ್ಕೆ ಒಮ್ಮೆ ತಲೆಬಾಗಿ, ಎಡಕ್ಕೂ ಎಳೆಯದೆ ಬಲಕ್ಕೂ ಎಳೆಯದೆ, ನಿಂತಿತು. ರಾಶಿಗೆ ಇನ್ನೂ ಎರಡು ಮಾರು ಬಾಕಿ. ಮಂಡಿ ನೋಯಲಿಲ್ಲ. ನಾಗರಾಜು ಇದ್ದಾಗಲೂ ಈ ಕಾರು ಹೀಗೆ ಮಾತು ಕೇಳಿರಲಿಲ್ಲ.

ಕಾಂತರಾಜು ಡ್ಯಾಶ್‌ಬೋರ್ಡಿನಿಂದ ಕೈ ಬಿಡಿಸಿಕೊಂಡು ನಕ್ಕ. "ಸೋತೆ ಕಣಮ್ಮ. ಆದ್ರೆ ಹೋಟೆಲ್ ಮುಂದೆ ಏನಿಡ್ಲಿ?"

"ಹಳೇ ಡ್ರಮ್ಮು ಎರಡು ಮಿಕ್ಕವೆ. ಮಣ್ಣು ತುಂಬಿ ಕೊತ್ತಂಬರಿ ಹಾಕ್ಕೊಡ್ತೀನಿ, ಇಟ್ಕೋ. ಚುರುಮುರಿಗೂ ಆಯ್ತದೆ, ಸೆಲ್ಫಿಗೂ ಆಯ್ತದೆ."

ರೇವಣಸಿದ್ದಯ್ಯ ಒಂದು ಕಣ್ಣು ತೆರೆದ. ಆಮೇಲೆ ಇನ್ನೊಂದು. ಕಾರನ್ನೂ ನಡುವಿನ ಜಾಗವನ್ನೂ ಅಳೆದು ನೋಡಿದ. ಸರಸರನೆ ಮೂರು ಎಳನೀರು ಕೆತ್ತಿ, ಕೈ ಚಾಚಿ ಕೂಗಿದ:

"ಬೋರಕ್ಕ, ಇನ್ನೊಂಚೂರು ಮುಂದಕ್ಕೆ ಬನ್ನಿ, ಎಟುಕ್ತಿಲ್ಲ!"